ಬಂತು, ಬಂದೀತು, ಬರ್ತದ: ಮುಂದಿನ ಮಾತು ನುಡಿಯುವವರ ಬಗ್ಗೆ

(ಹಾವೇರಿಯಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೆ, ಅಕ್ಕ ತಂಗಿಯರಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮಸ್ಕಾರ.

ಮುಂದೆ ಆಗುವುದನ್ನು ಈಗಲೇ ಹೇಳುವ ಮನುಷ್ಯನನ್ನು ನಾವು ಏನೆಂದು ಕರೆಯುತ್ತೇವೆ? ಪತ್ರಿಕೆಯವರು ಭವಿಷ್ಯಕಾರ ಎಂದು ಬರೆಯುತ್ತಾರೆ. ನಮ್ಮ ಊರುಗಳಲ್ಲಿ ಆ ಪದ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಊರಲ್ಲಿ ಜೋಯಿಸರು ಇದ್ದಾರೆ. ಕಣಿ ಹೇಳುವ ಕೊರವಂಜಿ ಇದ್ದಾಳೆ. ಬೆಳಗಿನ ಜಾವ ಬಂದು "ಹಾಲಕ್ಕಿ ನುಡೀತೈತಿ" ಎನ್ನುವ ಬುಡಬುಡಿಕೆಯವ ಇದ್ದಾನೆ. ಕಾಲಜ್ಞಾನ ಹೇಳಿದ ಶರಣರಿದ್ದಾರೆ. ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ದೇವರ ನುಡಿ, ಅಂದರೆ ಕಾರ್ಣಿಕ, ಹೇಳುವ ಗೊರವಪ್ಪ ಇದ್ದಾನೆ. ಇವರೆಲ್ಲರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ದೊಡ್ಡದೊಂದು ವಿಷಯ ನಮ್ಮ ಕೈತಪ್ಪುತ್ತದೆ. ಯಾಕೆಂದರೆ ಇವರು ಒಬ್ಬರ ಹಾಗೆ ಒಬ್ಬರಿಲ್ಲ. ಒಬ್ಬರು ಪಂಚಾಂಗ ನೋಡುತ್ತಾರೆ, ಒಬ್ಬಳು ಅಂಗೈ ನೋಡುತ್ತಾಳೆ, ಒಬ್ಬ ಹಕ್ಕಿಯ ದನಿ ಕೇಳುತ್ತಾನೆ. ಇನ್ನೊಬ್ಬ ಏನನ್ನೂ ನೋಡುವುದಿಲ್ಲ, ಅವನ ಬಾಯಿಂದ ಮಾತು ಬೀಳುತ್ತದೆ, ಅಷ್ಟೇ.

ಜೋಯಿಸ ಎಂದರೆ ಜ್ಯೋತಿಷಿಯೇ. ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಜೋಶಿ ಎಂಬ ಮನೆತನದ ಹೆಸರು ಹುಟ್ಟಿದ್ದೂ ಅದೇ ಕಸುಬಿನಿಂದ. ಗದಗ ಸೀಮೆಯಿಂದ ಹೋಗಿ ದೇಶಕ್ಕೇ ಹಾಡು ಕೇಳಿಸಿದ ಭೀಮಸೇನ ಜೋಶಿಯವರ ಹೆಸರಿನಲ್ಲೂ ಎಂದೋ ಒಬ್ಬ ಪಂಚಾಂಗ ಓದುವ ಹಿರಿಯ ಕೂತಿದ್ದಾನೆ. ಜೋಯಿಸರದು ಲೆಕ್ಕದ ಕೆಲಸ. ಗ್ರಹಣ ಯಾವತ್ತು, ಎಷ್ಟು ಗಂಟೆಗೆ ಎಂದು ಅವರು ಹೇಳಿದರೆ ಅದು ಆಗಿಯೇ ಆಗುತ್ತದೆ. ಅದರಲ್ಲಿ ಅನುಮಾನವಿಲ್ಲ. ತೊಂದರೆ ಶುರುವಾಗುವುದು ಅದರ ಮುಂದಿನ ಮಾತಿನಲ್ಲಿ. ಸೂರ್ಯನಿಗೆ ಗ್ರಹಣ ಹಿಡಿಯುವುದನ್ನು ಲೆಕ್ಕ ಹಾಕಿ ಹೇಳಿದ ಬಾಯಿಯೇ, ಅದೇ ದನಿಯಲ್ಲಿ, ನಿಮ್ಮ ಮಗಳ ಮದುವೆ ಯಾವಾಗ ಎಂದೂ ಹೇಳುತ್ತದೆ. ದನಿ ಒಂದೇ ಇದ್ದರೂ ಆ ಎರಡು ಮಾತಿಗೆ ಇರುವ ಆಧಾರ ಒಂದೇ ಅಲ್ಲ. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಆಮೇಲೆ ಮತ್ತೆ ಇಲ್ಲಿಗೆ ಬರುತ್ತೇನೆ.

ಇವತ್ತು ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಕಾರ್ಣಿಕದ ಹತ್ತಿರ. ಅದು ನಮ್ಮದು. ನಿಮ್ಮಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ದೇವರಗುಡ್ಡಕ್ಕೋ ಮೈಲಾರಕ್ಕೋ ಹೋಗಿ ಬಂದಿರುತ್ತೀರಿ. ದೇವರಗುಡ್ಡ ರಾಣೆಬೆನ್ನೂರು ತಾಲೂಕಿನಲ್ಲೇ ಇದೆ. ಅಲ್ಲಿ ದಸರಾ ಹೊತ್ತಿಗೆ ಮಾಲತೇಶನ ಕಾರ್ಣಿಕ. ಮೈಲಾರ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೆ ತುಂಗಭದ್ರೆ ದಾಟಿದರೆ ನಮ್ಮ ಹಾವೇರಿ ಸೀಮೆಯೇ. ಅಲ್ಲಿ ಭಾರತ ಹುಣ್ಣಿಮೆ ಮುಗಿದ ಮೇಲೆ ಡೆಂಕನ ಮರಡಿಯಲ್ಲಿ ಕಾರ್ಣಿಕ. ಉಪವಾಸ ಹಿಡಿದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. "ಸದ್ದಲೇ" ಎಂದು ಕೂಗುತ್ತಾನೆ. ಅಷ್ಟು ದೊಡ್ಡ ಜನಸಾಗರ ಗಪ್ ಅನ್ನುತ್ತದೆ. ಒಂದೇ ಒಂದು ಸಾಲು ನುಡಿದು ಅವನು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮುಗಿಯಿತು. ಮತ್ತೆ ಅವನು ಏನೂ ಹೇಳುವುದಿಲ್ಲ. "ಇದರ ಅರ್ಥ ಏನಪ್ಪಾ" ಎಂದು ಅವನನ್ನು ಮೈಕು ಹಿಡಿದು ಕೇಳುವ ಪದ್ಧತಿ ಇಲ್ಲ. ಅರ್ಥ ಹೇಳುವುದು ಅವನ ಕೆಲಸವೂ ಅಲ್ಲ.

ಕಾರಣಿಕ ಎಂಬ ಪದವೇ ಕಾರಣದಿಂದ ಬಂದದ್ದು. ಕರಾವಳಿಗೆ ಹೋದರೆ ಕಾರ್ಣಿಕ ಎಂದರೆ ದೈವದ ಶಕ್ತಿ, ಮಹಿಮೆ. ಕೊರಗಜ್ಜನ ಕಾರ್ಣಿಕ ಎಂದು ಅಲ್ಲಿಯವರು ಹೇಳುವಾಗ ಭವಿಷ್ಯದ ಮಾತು ಅವರ ತಲೆಯಲ್ಲಿ ಇರುವುದಿಲ್ಲ. ಶರಣರ ಕಥೆಗಳಲ್ಲಿ ಕಾರಣಿಕ ಶಿಶು ಎಂದರೆ ಒಂದು ಕಾರಣಕ್ಕಾಗಿ ಹುಟ್ಟಿಬಂದ ಮಗು. ನಮ್ಮ ಸೀಮೆಯಲ್ಲಿ ಮಾತ್ರ ಅದು ವರ್ಷಕ್ಕೊಮ್ಮೆ ಬೀಳುವ ದೇವವಾಣಿಯ ಹೆಸರಾಗಿ ನಿಂತಿದೆ. ಗಮನಿಸಿ, ಹೆಸರು ಮಾತಿಗೆ ಬಂದಿದೆ, ಮನುಷ್ಯನಿಗೆ ಬಂದಿಲ್ಲ. ಮನುಷ್ಯ ಗೊರವನೇ ಆಗಿ ಉಳಿದಿದ್ದಾನೆ: ಕರಿ ಕಂಬಳಿ, ಡಮರು, ಬಂಡಾರದ ಚೀಲ, ಏಳುಕೋಟಿ ಎಂಬ ಘೋಷ. ಅವನನ್ನು ಯಾರೂ ಜೋಯಿಸ ಎನ್ನುವುದಿಲ್ಲ. ನುಡಿ ದೇವರದು, ಬಾಯಿ ಗೊರವಪ್ಪನದು, ಅರ್ಥ ನೆರೆದವರದು. ಒಂದೇ ಸಾಲಿನ ಜವಾಬ್ದಾರಿ ಮೂರು ಕಡೆ ಹಂಚಿಹೋಗಿದೆ. ಸರಿಯಾಗಲಿಲ್ಲ ಎಂದು ಗೊರವಪ್ಪನನ್ನು ಹಿಡಿದು ಕೇಳಿದವರನ್ನು ನೀವು ನೋಡಿದ್ದೀರಾ? ಇಲ್ಲ ಅಲ್ವಾ?

ಈಗ ಆ ಸಾಲಿನ ಒಳಗೆ ಹೋಗೋಣ. 2023ರ ಫೆಬ್ರುವರಿಯಲ್ಲಿ ಮೈಲಾರದಲ್ಲಿ ಬಂದ ನುಡಿ ನಿಮಗೆಲ್ಲ ನೆನಪಿರಬೇಕು: "ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್." ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು. ಆದ್ದರಿಂದ ಎಲ್ಲರ ಕಣ್ಣು ಕಂಬಳಿಯ ಮೇಲೆ ಬಿತ್ತು. ಫಲಿತಾಂಶ ಬಂದು, ಕಂಬಳಿಯನ್ನೇ ಗುರುತಾಗಿ ಹೊದೆಯುವ ಕುರುಬ ಸಮುದಾಯದ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಆದ ಮೇಲೆ "ನೋಡ್ರಿ, ಕಂಬಳಿ ಬೀಸಿತು ಅಂದಿತ್ತಲ್ಲ" ಎಂದವರಿದ್ದರು. ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಆಗ ಅಂಬಲಿಯ ಸರದಿ. ಉಣ್ಣುವ ಕೂಳಿಗೆ ಸಂಚಕಾರ ಎಂದೇ ಅದರ ಅರ್ಥ ಎಂದು ಹೇಳುವುದು ಸುಲಭವಾಯಿತು. ಒಂದು ವೇಳೆ ಮಳೆ ಚೆನ್ನಾಗಿ ಆಗಿದ್ದರೆ? ಕಂಬಳಿ ಹೊದ್ದು ಹೊಲಕ್ಕೆ ಹೋಗುವಷ್ಟು ಮಳೆ ಎಂದು ಅದೇ ಸಾಲಿಗೆ ಅರ್ಥ ಹಚ್ಚಬಹುದಿತ್ತು. ಆದ ಮೇಲೆ ಹಚ್ಚುವ ಅರ್ಥ ಯಾವತ್ತೂ ಸರಿಯಾಗಿಯೇ ಕೂರುತ್ತದೆ. ಅದು ನುಡಿಯ ಗುಣವಲ್ಲ, ನಮ್ಮ ಮನಸ್ಸಿನ ಗುಣ.

2025ರಲ್ಲಿ "ತುಂಬಿದ ಕೊಡ ತುಳುಕಿತಲೇ ಪರಾಕ್" ಎಂದಾಯಿತು. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಮ್ಮ ಗಾದೆ. ನುಡಿ ಆ ಗಾದೆಯನ್ನು ತಿರುವಿ ಹಾಕಿತು. ಕೇಳಿದವರಿಗೆ ತಟ್ಟಂತ ನಾಟುವುದು ಅದಕ್ಕೇ. ಈ ಸಾಲುಗಳ ಕಟ್ಟೋಣ ಎಷ್ಟು ಗಟ್ಟಿ ನೋಡಿ. ಅಂಬಲಿ, ಕಂಬಳಿ, ಕೊಡ. ಯಾವ ಮನೆಯಲ್ಲೂ ಇರುವ ವಸ್ತುಗಳು. ಹೆಸರಿಲ್ಲ, ತಾರೀಖಿಲ್ಲ, ಊರಿಲ್ಲ. ಐದಾರು ಪದಗಳಲ್ಲಿ ಇಷ್ಟು ಜಾಗ ಬಿಡುವುದು ಒಳ್ಳೆಯ ಕವಿಗಳಿಗೂ ಸುಲಭವಲ್ಲ.

ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುವುದು ಕ್ರಿಯಾಪದ. "ಹಳಸಿತು" ಎಂದು ಹ್ರಸ್ವದಲ್ಲಿ ಹೇಳಿದರೆ ಆಗಿಹೋದ ಮಾತು. "ಹಳಸೀತು" ಎಂದು ಎಳೆದರೆ ಆಗಬಹುದಾದ ಮಾತು. ನಡುವೆ ಇರುವುದು ಒಂದು ದೀರ್ಘ, ಅಷ್ಟೇ. ಬಿಲ್ಲಿನ ಮೇಲಿಂದ ಕೂಗಿದಾಗ ಆ ಅಕ್ಷರ ಎಳೆದಿತ್ತೋ ಇಲ್ಲವೋ ಎಂದು ಅಷ್ಟು ದೂರದಲ್ಲಿ ನಿಂತವನು ಹೇಗೆ ಹೇಳಬೇಕು? ಆದರೆ ಆ ಒಂದು ದೀರ್ಘದಲ್ಲಿ ಇಡೀ ಭವಿಷ್ಯದ ಸ್ವರೂಪವೇ ಬದಲಾಗುತ್ತದೆ.

ವಿದ್ಯಾರ್ಥಿಗಳೇ, ವ್ಯಾಕರಣ ಎಂದ ಕೂಡಲೇ ಮುಖ ಸಣ್ಣದು ಮಾಡಬೇಡಿ. ನೀವು ದಿನಾ ಆಡುವ ಮಾತಿನ ಬಗ್ಗೆಯೇ ಹೇಳುತ್ತಿದ್ದೇನೆ. ಆಡುಮಾತಿನಲ್ಲಿ ನಮಗೆ ಭವಿಷ್ಯಕ್ಕೆಂದೇ ಬೇರೆ ರೂಪವಿಲ್ಲ. "ನಾಳೆ ಬರ್ತೀನಿ" ಎನ್ನುತ್ತೇವೆ, "ದಿನಾ ಬರ್ತೀನಿ" ಎಂದೂ ಅದೇ ರೂಪದಲ್ಲಿ ಹೇಳುತ್ತೇವೆ. ಹಾಗಾದರೆ ಮುಂದಿನದನ್ನು ಹೇಳಲು ಏನು ಮಾಡುತ್ತೇವೆ? ಮೂರು ದಾರಿ ಇವೆ.

ಮುಗಿಲು ಕಪ್ಪಾಗಿದೆ, ಇನ್ನೂ ಒಂದು ಹನಿ ಬಿದ್ದಿಲ್ಲ. ಅವ್ವ ಕೂಗುತ್ತಾಳೆ: "ಮಳಿ ಬಂತು, ಬಟ್ಟಿ ತಗೀರಿ." ಬಂತು ಎಂದರೆ ಆಗಿಹೋದದ್ದು. ಆದರೆ ಮಳೆ ಇನ್ನೂ ಬಂದಿಲ್ಲ. ಅಷ್ಟು ಹತ್ತಿರ ಬಂದಿದೆ ಎಂದು ಹಾಗೆ ಹೇಳುತ್ತಾಳೆ. "ಬಾರೋ" ಎಂದು ಗೆಳೆಯ ಕರೆದರೆ ಒಳಗಿನಿಂದಲೇ "ಬಂದೆ, ಬಂದೆ" ಎನ್ನುತ್ತೀರಲ್ಲ, ಅದೂ ಇದೇ. ಕಾರ್ಣಿಕ ಹ್ರಸ್ವದಲ್ಲಿ "ಆತಲೇ" ಎಂದಾಗ ಈ ದಾರಿ ಹಿಡಿದಿರುತ್ತದೆ. ದೇವರ ಕಣ್ಣಿಗೆ ಅದು ಆಗಲೇ ಕಂಡಾಗಿದೆ ಎಂಬ ಭಾವ. ಜೊತೆಗೆ ಆ "ಲೇ". ನನ್ನ ಕಿವಿಗೆ ಅದು ನಮ್ಮೂರ ಸಲಿಗೆಯ "ಲೇ" ಆಗಿಯೇ ಕೇಳುತ್ತದೆ. ಅಣ್ಣತಮ್ಮಂದಿರನ್ನು ಕರೆದ ಹಾಗೆ.

ಎರಡನೆಯದು "ಬರ್ತದ". ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಹುಬ್ಬಳ್ಳಿಗೆ ಹೋಗುವ ಬಸ್ಸು ಹತ್ತಕ್ಕೆ ಬರ್ತದ. ಹುಣ್ಣಿಮೆ ಬರ್ತದ. ಗ್ರಹಣ ಬರ್ತದ.

ಮೂರನೆಯದು "ಬಂದೀತು". ಶಾಲೆಯಲ್ಲಿ ಇದಕ್ಕೆ ಸಂಭಾವನಾರ್ಥಕ ಎಂದು ಕಲಿಸುತ್ತಾರೆ. ಅವನು ಬಂದಾನು, ಅವಳು ಬಂದಾಳು, ಅದು ಬಂದೀತು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುತ್ತೇವೆ. ಬೆಂಗಳೂರಿನ ಕಡೆ ಮಾತಿನಲ್ಲಿ ಇದು ತುಂಬಾ ಕಡಿಮೆ, ಎಲ್ಲದಕ್ಕೂ "ಬರಬಹುದು" ಎಂದುಬಿಡುತ್ತಾರೆ. ನಮ್ಮ ಕಡೆ ಮಾತ್ರ ಇದು ಇನ್ನೂ ಗಟ್ಟಿಮುಟ್ಟಾಗಿದೆ. ಹುಡುಗ ಗಿಡ ಏರಿದ್ದಾನೆ, ಕೆಳಗಿನಿಂದ ಅವ್ವ "ಬಿದ್ದೀ, ಇಳಿ ಕೆಳಗ" ಎನ್ನುತ್ತಾಳೆ. ಅದೂ ಒಂದು ಭವಿಷ್ಯದ ನುಡಿಯೇ ಅಲ್ವಾ? ಆದರೆ ಅವಳಿಗೆ ತನ್ನ ಮಾತು ನಿಜವಾಗುವುದು ಬೇಡ. ಸುಳ್ಳಾಗಲಿ ಎಂದೇ ಅವಳು ಹೇಳಿದ್ದು. ಹುಡುಗ ಹುಷಾರಾಗಿ ಇಳಿದುಬಂದರೆ ಅವಳ ನುಡಿ ಕೆಲಸ ಮಾಡಿತು ಎಂದರ್ಥ.

ಇವತ್ತು ನಾನು ಇಲ್ಲಿ ನಿಂತು ಹೇಳಬೇಕೆಂದಿರುವ ಮಾತು ಇಷ್ಟೇ. ಮುಂದಿನದನ್ನು ನುಡಿಯುವ ಒಳ್ಳೆಯವರು ಬಹಳಷ್ಟು ಸಲ "ಬಂದೀತು" ಎಂದೇ ಹೇಳುತ್ತಾರೆ. ಕೇಳುವ ನಾವು ಮನೆ ಮುಟ್ಟುವಷ್ಟರಲ್ಲಿ ಅದನ್ನು "ಬರ್ತದ" ಮಾಡಿಬಿಡುತ್ತೇವೆ. ನಷ್ಟ ಆಗುವುದು ಆ ದಾರಿಯಲ್ಲಿ.

ಕಾರ್ಣಿಕದ ಕೊನೆಯ ಪದ ನೋಡಿ: ಪರಾಕ್. ರಾಜರ ಮುಂದೆ ಹೋಗುವ ವಂದಿಮಾಗಧರು ಕೂಗುತ್ತಿದ್ದ ಮಾತು ಅದು. ಎಚ್ಚರ, ಇತ್ತ ಗಮನ ಕೊಡಿ ಎಂದು. ಈಗ ಬಹುಪರಾಕ್ ಎಂದರೆ ಹೊಗಳಿಕೆ ಎಂದಷ್ಟೇ ಉಳಿದಿದೆ. ಕಾರ್ಣಿಕದಲ್ಲಿ ಹಳೆಯ ಅರ್ಥ ಜೀವಂತವಾಗಿದೆ ಎಂದು ನನಗೆ ತೋರುತ್ತದೆ. ಏನೇ ನುಡಿದರೂ ಕೊನೆಗೆ ಎಚ್ಚರ ಎಂದೇ ಮುಗಿಯುತ್ತದೆ. ಸುಗ್ಗಿ ಚೆನ್ನಾಗಿದೆ ಎಂದು "ಸಂಪಾಯಿತಲೇ" ಎಂದ ವರ್ಷವೂ ಕೊನೆಗೆ ಪರಾಕ್ ಇದ್ದೇ ಇರುತ್ತದೆ.

ಎಚ್ಚರ ಎಂದು ಹೇಳುವ ಇನ್ನೊಬ್ಬರು ನಮ್ಮ ನಡುವೆ ಇದ್ದಾರೆ. ಹವಾಮಾನ ಇಲಾಖೆಯವರು. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಇಡೀ ಮಳೆಗಾಲ ಹೇಗಿದ್ದೀತು ಎಂದು ಅವರು ಮುನ್ಸೂಚನೆ ಕೊಡಲು ಆರಂಭಿಸಿದ್ದು 1886ರಲ್ಲಿ, ಹಿಮಾಲಯದಲ್ಲಿ ಎಷ್ಟು ಹಿಮ ಬಿದ್ದಿದೆ ಎಂಬುದನ್ನು ನೋಡಿ. ಅವರ ಮಾತೂ "ಬಂದೀತು" ಮಾತೇ. ನಮಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಅದನ್ನು ಅವರು ಕ್ರಿಯಾಪದದಲ್ಲಿ ಇಡದೆ ಜಾಗದ ಪದದಲ್ಲಿ ಇಟ್ಟಿದ್ದಾರೆ. ರೇಡಿಯೋದಲ್ಲಿ ಕೇಳಿರುತ್ತೀರಿ: "ಉತ್ತರ ಒಳನಾಡಿನ ಕೆಲವು ಕಡೆ ಮಳೆಯಾಗುವ ಸಾಧ್ಯತೆ ಇದೆ." ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರ ಜನವರಿಯಲ್ಲಿ. ಅಜ್ಜನ ಕಾಲದಿಂದ ಈ ಥರದ ಸಾಲು ನಮ್ಮ ಕಿವಿಗೆ ಬೀಳುತ್ತಲೇ ಇದೆ. ಆದರೆ "ಕೆಲವು ಕಡೆ" ಎಂದರೆ ಎಷ್ಟು ಕಡೆ?

ಇಲ್ಲಿ ಒಬ್ಬ ಯಜಮಾನರು ಎದ್ದು ನಿಂತರು. "ಸರ್, ಅದನ್ನ ಕೇಳಬೇಕಂತ ಬಂದೀನ್ರಿ. ರೇಡಿಯೋದಾಗ ಮಳಿ ಅಂದ್ರು. ಬಾಜೂ ಊರಾಗ ಹಳ್ಳ ಬಂತು. ನಮ್ಮ ಹೊಲಕ್ಕ ಒಂದು ಹನಿ ಬೀಳಲಿಲ್ಲ. ಸುಳ್ಳ ಹೇಳ್ತಾರೇನ್ರಿ ಇವರು?"

ಸುಳ್ಳಲ್ಲ ಅಜ್ಜಾರೇ. ಆ ಇಲಾಖೆಯಲ್ಲಿ ಇದಕ್ಕೊಂದು ಲೆಕ್ಕ ಇದೆ. ಒಂದು ಸೀಮೆಯಲ್ಲಿ ಮಳೆ ಅಳೆಯುವ ಕೇಂದ್ರಗಳು ಇಷ್ಟು ಅಂತ ಇರುತ್ತವೆ. ಅವುಗಳಲ್ಲಿ ನೂರಕ್ಕೆ 25ರವರೆಗೆ ಮಳೆ ನಿರೀಕ್ಷೆ ಇದ್ದರೆ "ಒಂದೆರಡು ಕಡೆ". 26ರಿಂದ 50 ಇದ್ದರೆ "ಕೆಲವು ಕಡೆ". 51ರಿಂದ 75 ಇದ್ದರೆ "ಹಲವು ಕಡೆ". ಅದಕ್ಕೂ ಮೇಲೆ ಹೋದರೆ "ಬಹುತೇಕ ಕಡೆ". ಅಂದರೆ ಕೆಲವು ಕಡೆ ಎಂದು ಕೇಳಿದಾಗ, ಅರ್ಧ ಸೀಮೆಗೆ ಅಥವಾ ಅದಕ್ಕಿಂತ ಜಾಸ್ತಿ ಜಾಗಕ್ಕೆ ಮಳೆ ಇರಲಿಕ್ಕಿಲ್ಲ ಎಂದು ಅವರೇ ಹೇಳಿದ್ದಾರೆ ಎಂದು ತಿಳಿಯಬೇಕು. ಉತ್ತರ ಒಳನಾಡು ಎಂದರೆ ಬೀದರಿನಿಂದ ನಮ್ಮ ಹಾವೇರಿವರೆಗೆ. ಅಷ್ಟು ದೊಡ್ಡ ಜಾಗದಲ್ಲಿ ನಿಮ್ಮ ಹೊಲ ಎಲ್ಲಿ ಬರುತ್ತದೆ? ಮಳೆಗೂ ಅಳತೆ ಇದೆ. ದಿನಕ್ಕೆ 2.5 ಮಿಲಿಮೀಟರ್ ಬಿದ್ದರೆ ಮಾತ್ರ ಅದನ್ನು ಮಳೆ ದಿನ ಎಂದು ಎಣಿಸುತ್ತಾರೆ. 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ. ಇದನ್ನೆಲ್ಲ ಅವರು ಬಚ್ಚಿಟ್ಟಿಲ್ಲ. ಆದರೆ ಬಿತ್ತುವ ಮನುಷ್ಯನ ಕಿವಿಗೆ ಮುಟ್ಟುವ ಹಾಗೆ ಯಾರೂ ಬಿಡಿಸಿ ಹೇಳಿಲ್ಲ. ಅದು ನಿಮ್ಮ ತಪ್ಪಲ್ಲ. ನಮ್ಮಂಥ ಓದಿದವರು ಮಾಡಬೇಕಿದ್ದ ಕೆಲಸ ಅದು.

2023ಕ್ಕೇ ಮತ್ತೆ ಬರುತ್ತೇನೆ, ಯಾಕೆಂದರೆ ಆ ವರ್ಷ ಇಬ್ಬರೂ ನುಡಿದಿದ್ದರು. ಏಪ್ರಿಲಿನಲ್ಲಿ ಹವಾಮಾನ ಇಲಾಖೆ ಹೇಳಿತು: ದೇಶಕ್ಕೆ ಈ ಸಲ ವಾಡಿಕೆಯ ನೂರಕ್ಕೆ 96ರಷ್ಟು ಮಳೆ, ಐದು ಹೆಚ್ಚೂ ಆಗಬಹುದು, ಐದು ಕಡಿಮೆಯೂ ಆಗಬಹುದು. ವಾಡಿಕೆ ಎಂದರೆ ಜೂನಿನಿಂದ ಸೆಪ್ಟೆಂಬರ್ ವರೆಗೆ 87 ಸೆಂಟಿಮೀಟರ್. ಕೊನೆಗೆ ಬಿದ್ದದ್ದು ನೂರಕ್ಕೆ 94ರಷ್ಟು. ಹೇಳಿದ ಗೆರೆಯ ಒಳಗೇ ಇದೆ. ಕಾಗದದ ಮೇಲೆ ಅವರು ಗೆದ್ದರು. ಆದರೆ ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಹೆಸರು, ಗೋವಿನಜೋಳ, ಹತ್ತಿ ಬಿತ್ತಿ ಮುಗಿಲು ನೋಡುತ್ತಾ ಕೂತವರಿಗೆ ಇಡೀ ದೇಶದ 94 ಕಟ್ಟಿಕೊಂಡು ಏನಾಗಬೇಕು? ಒಂದು ನುಡಿ ಅಂಬಲಿ ಕಂಬಳಿ ಎಂದಿತ್ತು, ಇನ್ನೊಂದು ನುಡಿ 96 ಎಂದಿತ್ತು. ಎರಡನ್ನೂ ಆಮೇಲೆ ಸರಿ ಎಂದು ತೋರಿಸಬಹುದು. ಎರಡರಿಂದಲೂ ನಮ್ಮ ಹೊಲದ ಆಗಸ್ಟ್ ತಿಂಗಳು ಮೊದಲೇ ಕಂಡಿರಲಿಲ್ಲ.

ಹಾಗಾದರೆ ಇಬ್ಬರೂ ಒಂದೇ ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. 96 ಎಂದವರು ಮುಂಚೆಯೇ ಅಂಕಿ ಇಟ್ಟರು, ಎಷ್ಟು ತಪ್ಪಬಹುದು ಎಂದೂ ಬರೆದರು, ಸೆಪ್ಟೆಂಬರ್ ಮುಗಿದ ಮೇಲೆ ಎಷ್ಟು ಬಿತ್ತು ಎಂದೂ ಅವರೇ ಪ್ರಕಟಿಸಿದರು. ತಾನು ಎಲ್ಲಿ ಎಡವಿದೆ ಎಂದು ಮುಂದಿನ ವರ್ಷ ನೋಡಿಕೊಳ್ಳಲು ಅದರಿಂದ ಸಾಧ್ಯ. ಎಡ್ವರ್ಡ್ ಲೊರೆನ್ಜ್ ಎಂಬ ಹವಾಮಾನ ವಿಜ್ಞಾನಿ 1963ರಲ್ಲೇ ತೋರಿಸಿದ್ದ: ಗಾಳಿಯ ಲೆಕ್ಕದಲ್ಲಿ ಇವತ್ತಿನ ಒಂದು ಸಣ್ಣ ವ್ಯತ್ಯಾಸ ಮುಂದೆ ಹೋದಂತೆ ಬೆಟ್ಟದಷ್ಟಾಗುತ್ತದೆ. ಆದ್ದರಿಂದ ಎರಡು ವಾರದ ಆಚೆ, ಇಂಥ ದಿನ ಇಂಥ ಊರಿಗೆ ಮಳೆ ಎಂದು ಯಾರೂ ಖಚಿತವಾಗಿ ಹೇಳಲಾರರು. ತನಗೆ ಎಲ್ಲಿಯವರೆಗೆ ಕಾಣುತ್ತದೆ ಎಂಬುದನ್ನೂ ಹೇಳುವವನ ಮೇಲೆ ನನಗೆ ನಂಬಿಕೆ ಜಾಸ್ತಿ.

ನಮ್ಮ ಹಿರಿಯರ ಮಳೆ ಗಾದೆಗಳಲ್ಲೂ ಈ ಎಚ್ಚರ ಇದೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು." "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ." ಮಳೆ ಬರುತ್ತದೆ ಎಂದು ಇವು ಎಲ್ಲಾದರೂ ಹೇಳಿವೆಯೇ? ಬಂದರೆ ಹೀಗೆ ಎಂದಷ್ಟೇ. ಮಳೆ ನಕ್ಷತ್ರ ಸೂರ್ಯನ ಲೆಕ್ಕದ್ದು. ಅದಕ್ಕೇ ರೋಹಿಣಿ ಪ್ರತಿ ವರ್ಷ ಮೇ ಕೊನೆಗೆ, ಮಿರಗ ಜೂನ್ ಮೊದಲ ವಾರ ದಾಟಿದ ಮೇಲೆ, ಮಘೆ ಆಗಸ್ಟ್ ನಡುವಿಗೆ ಬರುತ್ತದೆ. ಈ ಹೊತ್ತಿಗೆ ಬಿದ್ದ ಮಳೆ ಯಾವ ಬೆಳೆಗೆ ಏನು ಮಾಡುತ್ತದೆ ಎಂದು ತಲೆತಲೆಮಾರು ಕಂಡದ್ದನ್ನು ಗಾದೆ ಮಾಡಿ ಇಟ್ಟರು. ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುವುದು ಬೇರೆ ಥರ. ಬಿಳಿ ಎತ್ತು ಮುಂದೆ ಬಂದರೆ ಬಿಳಿ ಧಾನ್ಯ, ಕೆಂದ ಎತ್ತು ಬಂದರೆ ಕೆಂಪು ಧಾನ್ಯ ಎನ್ನುತ್ತಾರೆ. ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಗೆ ಹಳ್ಳದ ದಂಡೆಯಲ್ಲಿ ಮಣ್ಣಿನ ಗೊಂಬೆ ಮಾಡಿ ಇಡುತ್ತಾರೆ, ಮರುದಿನ ನಸುಕಿನಲ್ಲಿ ಅವು ಹೇಗಿವೆ ಎಂದು ನೋಡಿ ವರ್ಷದ ಫಲ ಓದುತ್ತಾರೆ. ಇವು ಹಬ್ಬದ ಸಡಗರ. ಇರಲಿ. ಎತ್ತನ್ನು ಕೇಳಿ ಯಾರೂ ಬೀಜದ ಅಂಗಡಿಗೆ ಹೋಗುವುದಿಲ್ಲ.

ಹಳೆಯ ಕನ್ನಡ ನಾಡಿನ ಒಂದು ದೊಡ್ಡ ಭವಿಷ್ಯದ ನುಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರ ಒಂದು ಶಾಸನವಿದೆ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕೆಟ್ಟ ಕಾಲ ಬರಲಿದೆ ಎಂದು ಜೈನ ಮುನಿ ಭದ್ರಬಾಹು ನಿಮಿತ್ತದಿಂದ ತಿಳಿದರು, ಸಂಘವೆಲ್ಲ ತೆಂಕಣಕ್ಕೆ ಹೊರಟಿತು ಎಂದು ಅದು ಹೇಳುತ್ತದೆ. ಭದ್ರಬಾಹುಗಳಿಗೆ ನಿಮಿತ್ತಜ್ಞಾನಿ ಎಂದೇ ಹೆಸರು. ನಿಮಿತ್ತ ಎಂದರೂ ಕಾರಣವೇ, ಗುರುತು ಎಂದೂ ಆಗುತ್ತದೆ. ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ನುಡಿ ನಿಜವಾಯಿತು ಎಂಬುದಲ್ಲ. ನುಡಿ ಕೇಳಿದವರು ಎದ್ದು ನಡೆದರು. ಗಂಟುಮೂಟೆ ಕಟ್ಟಿದರು, ದಾರಿ ಹಿಡಿದರು, ಬದುಕಿದರು. ಮುಂದಿನದನ್ನು ತಿಳಿದು ಕೂತಲ್ಲೇ ಕೂತು ಅದು ಆಗುವುದನ್ನು ಕಾದವರ ಕಥೆ ಅಲ್ಲ ಅದು.

ಈ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಹಂಗಾರ ಕಾರ್ಣಿಕ ನಂಬಬೇಕೋ ಬ್ಯಾಡೋ? ನಮ್ಮ ಅಜ್ಜ ದರಾ ವರ್ಷ ಹೋಗ್ತಾರ್ರಿ."

ಅಜ್ಜಾರು ಹೋಗಲಿ ತಂಗಿ, ನೀನೂ ಜೊತೆಗೆ ಹೋಗು. ಎಂಟು ತಿಂಗಳ ನಂತರದ ಮೋಡ ಬಿಲ್ಲಿನ ಮೇಲೆ ಕಾಣುತ್ತದೆ ಎಂದು ನಾನು ನಂಬುವುದಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಆದರೆ ಸಾವಿರಾರು ಜನ ಒಂದೇ ಸಾಲಿಗಾಗಿ ಬಾಯಿ ಮುಚ್ಚಿ ನಿಲ್ಲುವುದು, ಆಮೇಲೆ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಚಹಾ ಅಂಗಡಿಯಲ್ಲಿ ಅದನ್ನೇ ಮಾತಾಡುತ್ತಾ ಬರುವುದು, ಅದು ಸಣ್ಣ ಸಂಗತಿಯಲ್ಲ. ಈ ವರ್ಷ ನಮ್ಮ ಗತಿ ಏನು ಎಂದು ಒಂದು ಸೀಮೆಯೇ ಕೂಡಿ ಯೋಚಿಸುತ್ತದೆ. ಯಾವ ರೈತನಿಗೆ ಯಾವ ಭಯ ಇದೆ ಎಂದು ತಿಳಿಯಬೇಕಾದರೆ ಅವನು ಆ ಸಾಲಿಗೆ ಹಚ್ಚುವ ಅರ್ಥ ಕೇಳು. ಮೆಣಸಿನಕಾಯಿ ಬೆಳೆದವನು ಧಾರಣಿ ಎನ್ನುತ್ತಾನೆ, ಸಾಲ ಮಾಡಿದವನು ಸಾಲ ಎನ್ನುತ್ತಾನೆ, ರಾಜಕೀಯದವನು ಕುರ್ಚಿ ಎನ್ನುತ್ತಾನೆ.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಬೆಳಿಗ್ಗೆ ಟೀವಿಯಲ್ಲಿ ಕೂತು, ನಿಮ್ಮ ರಾಶಿಗೆ ಇಂದು ಹೀಗೆ ಆಗುತ್ತದೆ ಎನ್ನುವವರ ಮೇಲೆ. ಹುಡುಗಿಗೆ ದೋಷ ಇದೆ, ಈ ಶಾಂತಿ ಮಾಡಿಸದಿದ್ದರೆ ಮನೆ ಮುರಿಯುತ್ತದೆ ಎಂದು ದುಡ್ಡು ಎಣಿಸಿಕೊಳ್ಳುವವರ ಮೇಲೆ. ಗ್ರಹಣದ ಲೆಕ್ಕಕ್ಕೆ ಇರುವ ಖಚಿತತೆಯನ್ನು ಅವರು ಸಾಲ ತಂದು ಒಂದು ಹೆಣ್ಣುಮಗಳ ಬಾಳಿನ ಮೇಲೆ ಹಾಕುತ್ತಾರೆ. ಮೊದಲಿಗೆ ಹೇಳಿದೆನಲ್ಲ, ಆ ಎರಡು ಮಾತಿಗೆ ಇರುವ ಆಧಾರ ಒಂದೇ ಅಲ್ಲ ಎಂದು. ಇಂಥ ಒಂದು ಮಾತಿನಿಂದ ಓದು ನಿಂತ, ಮದುವೆ ಮುರಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅಲ್ಲಿ "ಬಂದೀತು" ಇಲ್ಲ, ಪರಾಕ್ ಇಲ್ಲ, ಮುಂದಿನ ವರ್ಷ ಲೆಕ್ಕ ಒಪ್ಪಿಸುವುದಂತೂ ಇಲ್ಲವೇ ಇಲ್ಲ. ಅಂಥವರಿಗೆ ಗೊರವಪ್ಪನ ಜೊತೆ, ಜೋಯಿಸರ ಪಂಚಾಂಗದ ಜೊತೆ, ಹವಾಮಾನ ಇಲಾಖೆಯವರ ಜೊತೆ ಒಂದೇ ಸಾಲಿನಲ್ಲಿ ಮಣೆ ಹಾಕಬೇಡಿ.

ವಿದ್ಯಾರ್ಥಿಗಳಲ್ಲಿ ಒಂದು ಕೆಲಸ ಕೇಳಿಕೊಳ್ಳುತ್ತೇನೆ. ಮುಂದಿನ ಭಾರತ ಹುಣ್ಣಿಮೆಗೆ ಮೈಲಾರಕ್ಕೆ, ದಸರೆಗೆ ದೇವರಗುಡ್ಡಕ್ಕೆ ನಿಮ್ಮಲ್ಲಿ ನಾಲ್ಕೈದು ಜನ ಹೋಗಿ. ನುಡಿಯನ್ನು ಕೇಳಿದ ಹಾಗೆಯೇ, ಹ್ರಸ್ವ ದೀರ್ಘ ಸಹಿತ, ಅಲ್ಲೇ ಬರೆದುಕೊಳ್ಳಿ. ಒಬ್ಬರ ಕಿವಿಗೆ "ಆತು" ಎಂದೂ ಇನ್ನೊಬ್ಬರ ಕಿವಿಗೆ "ಆದೀತು" ಎಂದೂ ಕೇಳಿದರೆ ಎರಡನ್ನೂ ಬರೆಯಿರಿ. ಅವತ್ತೇ, ಏನೂ ಆಗುವ ಮುಂಚೆ, ಜನ ಹಚ್ಚಿದ ಅರ್ಥಗಳನ್ನು ಅವರ ಮಾತಿನಲ್ಲೇ ಬರೆಯಿರಿ. ಹೆಸರು ಬೇಡ, ಏನು ಬೆಳೆಯುತ್ತಾರೆ ಎಂದಷ್ಟು ಸಾಕು. ಪಕ್ಕದ ಪುಟದಲ್ಲಿ ಹವಾಮಾನ ಇಲಾಖೆಯ ಏಪ್ರಿಲ್ ಮುನ್ಸೂಚನೆ, ಆಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ವಾರಕ್ಕೆರಡು ಸಲ ಕೊಡುವ ಹವಾಮಾನ ಸಲಹೆ. ಅದರ ಪಕ್ಕದಲ್ಲಿ ನಿಮ್ಮೂರ ಹೊಲದಲ್ಲಿ ನಿಜವಾಗಿ ಬಿದ್ದ ಮಳೆ. ಒಂದು ಸಾದಾ ಮಳೆಮಾಪಕ ಸಾಕು, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಡಬೇಕು. ಅದೇ ಹೊತ್ತಿಗೆ ಇಲಾಖೆಯವರೂ ಅಳೆಯುತ್ತಾರೆ, ಹೋಲಿಸಲು ಬರುತ್ತದೆ. ಈ ಪುಸ್ತಕ ಹತ್ತು ವರ್ಷ ನಡೆದರೆ ರಾಣೆಬೆನ್ನೂರು, ಶಿಗ್ಗಾವಿ, ನವಲಗುಂದ, ರೋಣ, ಎಲ್ಲ ಕಡೆಯವರಿಗೂ ಬೇಕಾಗುವ ಪುಸ್ತಕ ಅದು. ಮೊದಲ ಪುಟ ಯಾರು ಬರೆಯುತ್ತೀರಿ ಎಂದು ಇವತ್ತು ಹೊರಡುವ ಮುಂಚೆ ನನಗೆ ತಿಳಿಸಿ. ಮಳೆಮಾಪಕ ನಾನು ಕೊಡಿಸುತ್ತೇನೆ.